ಗ್ರಾಮ ಪಂಚಾಯಿತಿಗೆ ಐಎಸ್‌ಒ 14001 ಬೇಕೇ?

ತೋಡಿನಾಚೆ (ಪ್ರಶ್ನೆ)

ನಾನು ಪೊನ್ನಂಪೇಟೆ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯ. ಊರಿನ ಹೆಸರು ಇಲ್ಲಿ ಬೇಡ. ಕಳೆದ ಸಾಮಾನ್ಯ ಸಭೆಗೆ ಸಲಹೆಗಾರರೊಬ್ಬರು ಬಂದಿದ್ದರು. ಪಂಚಾಯಿತಿಗೆ ಪರಿಸರ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 14001 ಪ್ರಮಾಣಪತ್ರ ಕೊಡಿಸುತ್ತೇವೆ, ಕಡತಗಳನ್ನೆಲ್ಲ ನಾವೇ ಸಿದ್ಧಪಡಿಸುತ್ತೇವೆ, ನೀವು ಸಹಿ ಹಾಕಿದರೆ ಸಾಕು ಎಂದರು. ಅಧ್ಯಕ್ಷರು ಆಗಲೇ ಅದನ್ನು ಯಾವ ಗೋಡೆಗೆ ನೇತುಹಾಕುವುದೆಂದು ನೋಡುತ್ತಿದ್ದಾರೆ. ನನಗೆ ಆ ‘ಸಹಿ ಹಾಕಿದರೆ ಸಾಕು’ ಎಂಬ ಮಾತೇ ಹಿಡಿಸಲಿಲ್ಲ.

ನಮ್ಮ ಒಣಕಸದ ಶೆಡ್ಡಿನ ಮುಕ್ಕಾಲು ಭಾಗ ಗಾಜಿನ ಬಾಟಲಿ. ಏಪ್ರಿಲ್‌, ಮೇ ತಿಂಗಳ ಮದುವೆಗಳು ಮುಗಿಯುವಷ್ಟರಲ್ಲಿ ಬಾಗಿಲು ಹಾಕಲಾಗುವುದಿಲ್ಲ. ಗುಜರಿಯವರು ಬಿಯರ್ ಬಾಟಲಿಗಳನ್ನು ಆರಿಸಿಕೊಂಡು, ಬ್ರಾಂದಿಯವನ್ನೂ ಒಡೆದವನ್ನೂ ಅಲ್ಲೇ ಬಿಟ್ಟು ಹೋಗುತ್ತಾರೆ. ಕಸದ ಆಟೋ ಡಾಂಬರು ರಸ್ತೆ ಬಿಟ್ಟು ಇಳಿಯುವುದಿಲ್ಲ. ಹಾಗಾಗಿ ತೋಟದೊಳಗೆ ಕಾರ್ಮಿಕರಿರುವ ಲೈನ್ ಮನೆಗಳ ಕಸ ಅಲ್ಲಲ್ಲೇ ಉರಿಯುತ್ತದೆ. ಡಿಸೆಂಬರ್ ಬಂತೆಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಗಳ ನೀರು ತೋಡಿಗೆ (ಹಳ್ಳಕ್ಕೆ) ಇಳಿಯುತ್ತದೆ. ಸೇತುವೆಯ ಹತ್ತಿರ ಹೋದರೆ ಹುಳಿ ನಾತ, ನೀರು ಕಂದು, ಮೇಲೆ ನೊರೆ. ಈ ತೋಡು ಸೇರುವುದು ಲಕ್ಷ್ಮಣತೀರ್ಥಕ್ಕೆ, ಅಲ್ಲಿಂದ ಮುಂದೆ ಕಾವೇರಿಗೆ. ಸಭೆಯಲ್ಲಿ ಈ ಮಾತು ಎತ್ತಿದ ಕೂಡಲೇ ತೋಡಿನ ಮೇಲ್ಗಡೆ ತೋಟ ಇರುವವರೆಲ್ಲ ಮೊಬೈಲ್ ನೋಡತೊಡಗುತ್ತಾರೆ. (ನಾನು ರೊಬಸ್ಟಾ ಚೆರ್ರಿಯನ್ನು ಹಾಗೆಯೇ ಕಣದಲ್ಲಿ ಒಣಗಿಸುವವನು, ಮಾತಾಡುವುದು ನನಗೆ ಸುಲಭ, ನಿಜ.)

ಈ ಪ್ರಮಾಣಪತ್ರದಿಂದ ಇವುಗಳಲ್ಲಿ ಒಂದಾದರೂ ಸರಿಹೋಗುತ್ತದೆಯೇ?

ತಪಾಸಣೆಯವನು

ನಾನು ವಿರಾಜಪೇಟೆಯವನು. ಮೈಸೂರಿನ ಕಾರ್ಖಾನೆಯೊಂದರಲ್ಲಿ ಇದೇ ವ್ಯವಸ್ಥೆಯ ಆಂತರಿಕ ತಪಾಸಣೆ ನನ್ನ ಕೆಲಸ. ಈ ಮಾನದಂಡ ಮೊದಲು ಬಂದದ್ದು 1996ರಲ್ಲಿ, ಆಮೇಲೆ 2004 ಮತ್ತು 2015ರಲ್ಲಿ ಪರಿಷ್ಕರಣೆಯಾಯಿತು. ತೋಡಿನ ನೀರು ಇಷ್ಟು ಶುದ್ಧವಿರಬೇಕು ಎಂಬ ಮಿತಿಯನ್ನು ಅದು ಎಲ್ಲಿಯೂ ಹಾಕುವುದಿಲ್ಲ. ನಿಮ್ಮಿಂದ ಪರಿಸರಕ್ಕೆ ಏನೇನು ತೊಂದರೆ, ಯಾವ ಕಾನೂನು ಅನ್ವಯ, ಯಾರು ಹೊಣೆ, ಮಾಡಿದ್ದೀರೋ ಇಲ್ಲವೋ ಎಂದು ಯಾರು ನೋಡುತ್ತಾರೆ ಎಂದಷ್ಟೇ ಕೇಳುತ್ತದೆ. ಐಎಸ್‌ಒ ಸಂಸ್ಥೆ ತಾನಾಗಿ ಪ್ರಮಾಣಪತ್ರ ಕೊಡುವುದೂ ಇಲ್ಲ; ಅದಕ್ಕೆ ಬೇರೆ ಸಂಸ್ಥೆಗಳಿವೆ. ಸಾಮಾನ್ಯವಾಗಿ ಮೂರು ವರ್ಷದ ಅವಧಿ, ನಡುವೆ ವರ್ಷಕ್ಕೊಮ್ಮೆ ತಪಾಸಣೆ, ಪ್ರತಿ ಸಲವೂ ಶುಲ್ಕ. ಅಷ್ಟು ಹಣವಿದ್ದರೆ ಆಟೋ ಲೈನ್ ಮನೆಗಳವರೆಗೆ ಹೋಗಲಿ.

ಪ್ರಮಾಣಪತ್ರ ಬಿಡಿ, ವಿಧಾನ ಮಾತ್ರ ತೆಗೆದುಕೊಳ್ಳಿ. ಅದರಲ್ಲಿ ನಿಮಗೆ ತುಂಬಾ ಉಪಯೋಗಕ್ಕೆ ಬರುವ ಒಂದು ವಿಂಗಡಣೆ ಇದೆ: ನಿಮ್ಮ ಕೈಯಲ್ಲಿರುವ ಕೆಲಸ ಬೇರೆ, ನೀವು ಒತ್ತಡ ಹಾಕಬಹುದಾದ ಕೆಲಸ ಬೇರೆ. ಆಟೋ ಎಲ್ಲಿ ತಿರುಗಬೇಕೆನ್ನುವುದು ನಿಮ್ಮ ಕೈಯಲ್ಲಿದೆ. ಪಲ್ಪರ್ ನೀರಿನ ಮಾದರಿ ತೆಗೆದು 1974ರ ಜಲ ಕಾಯಿದೆಯಡಿ ಕ್ರಮ ಜರುಗಿಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. ಆದರೆ ಪಲ್ಪಿಂಗ್ ಮಾಡುವ ತೋಟಗಳ ಪಟ್ಟಿ, ಯಾರಲ್ಲಿ ಆ ನೀರು ನಿಲ್ಲಿಸುವ ಹೊಂಡ ಇದೆ ಯಾರಲ್ಲಿ ಇಲ್ಲ ಎಂಬ ವಿವರ, ಕೊಯ್ಲಿಗೆ ಮೊದಲೇ ಮಂಡಳಿಗೆ ಒಂದು ಪತ್ರ, ಇವಿಷ್ಟನ್ನು ಪಂಚಾಯಿತಿ ಮಾಡಬಹುದು. ನಾತ ಬಂದ ಮೇಲೆ ಬರೆದ ಪತ್ರಕ್ಕೆ ಮಾರ್ಚ್‌ನಲ್ಲಿ ಉತ್ತರ ಬಂದರೆ ಏನು ಪ್ರಯೋಜನ?

ಯುರೋಪಿನಲ್ಲಿ ಎಮಾಸ್ ಎಂಬ ಇನ್ನೊಂದು ಪದ್ಧತಿ ಇದೆ. 1993ರಲ್ಲಿ ಕಾರ್ಖಾನೆಗಳಿಗೆಂದು ಮಾಡಿದ್ದನ್ನು 2001ರಲ್ಲಿ ಪುರಸಭೆಗಳೂ ಸೇರಿದಂತೆ ಎಲ್ಲ ಸಂಸ್ಥೆಗಳಿಗೆ ತೆರೆದರು. ಅದರಲ್ಲಿ ಪರಿಸರದ ಲೆಕ್ಕವನ್ನು ಜನರ ಮುಂದೆ ಪ್ರಕಟಿಸಲೇಬೇಕು. ನನಗೆ ಅದೇ ಹೆಚ್ಚು ಇಷ್ಟ.

ಹೋಂಸ್ಟೇ ಅಕ್ಕ

ಪಟ್ಟಿ ಮಾಡುವಾಗ ನಮ್ಮನ್ನೂ ಸೇರಿಸಿ ತಮ್ಮಾ, ಬೆಳೆಗಾರರನ್ನಷ್ಟೇ ಅಲ್ಲ. 2016ರ ಘನತ್ಯಾಜ್ಯ ನಿಯಮದಲ್ಲಿ ದಿನಕ್ಕೆ ಸರಾಸರಿ 100 ಕೆ.ಜಿ. ಮೀರಿ ಕಸ ಹಾಕುವವರನ್ನು ಮಾತ್ರ ದೊಡ್ಡ ಉತ್ಪಾದಕರೆಂದು ಕರೆದಿದ್ದರು. ನಾಲ್ಕೈದು ಕೋಣೆಯ ಹೋಂಸ್ಟೇ ಯಾವ ಕಾಲಕ್ಕೂ ಅಷ್ಟು ಮುಟ್ಟುವುದಿಲ್ಲ. ಆದರೆ ಒಂದೇ ರಸ್ತೆಯಲ್ಲಿ ಹತ್ತು ಹೋಂಸ್ಟೇ ಇದ್ದು, ಶನಿವಾರ ಭಾನುವಾರ ಎಲ್ಲವೂ ತುಂಬಿದರೆ? ನಾನು ಕೊಡುವ ಕಸದ ಶುಲ್ಕವೂ ಪಕ್ಕದ ಒಂಟಿ ಅಜ್ಜಿ ಕೊಡುವುದೂ ಒಂದೇ. ಉಪವಿಧಿ ಮಾಡಿ ನಮ್ಮಿಂದ ಹೆಚ್ಚು ತೆಗೆದುಕೊಳ್ಳಿ. ಸಂಘದವರು ಇದನ್ನು ಓದಿದರೆ ನನ್ನನ್ನು ಬೈಯುತ್ತಾರೆ, ಬೈಯಲಿ.

ಇನ್ನೊಂದು ಮಾತು. ಕಾಂಪೋಸ್ಟ್ ಗುಂಡಿಯ ಮೇಲೆ ಮಾಡು (ಚಾವಣಿ) ಹಾಕಿಸಿ. ಜುಲೈನಲ್ಲಿ ತೆರೆದ ಗುಂಡಿ ಕೆರೆಯಾಗುತ್ತದೆ, ಬಾಳೆ ಎಲೆ ತೇಲುತ್ತಿರುತ್ತದೆ.

ನಿವೃತ್ತ ಕಾರ್ಯದರ್ಶಿ

ತಪಾಸಣೆಯವರು ಹೇಳಿದ್ದು ಸರಿ, ಆದರೆ ಪಂಚಾಯಿತಿ ಕಾರ್ಖಾನೆಯಲ್ಲ. ನಾನು ಕೆಲಸ ಮಾಡಿದ ಒಂದು ಕಡೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ವರ್ಗವಾದ ದಿನವೇ ಕಾಂಪೋಸ್ಟಿನ ಲೆಕ್ಕವೂ ವರ್ಗವಾಯಿತು. ಅದು ಅವರ ಸ್ವಂತ ಲ್ಯಾಪ್‌ಟಾಪ್‌ನಲ್ಲಿತ್ತು. ಆದ್ದರಿಂದ ಯಾವ ಕೆಲಸಕ್ಕೆ ಯಾರು ಹೊಣೆ ಎಂಬ ಪಟ್ಟಿಯನ್ನು ನಡಾವಳಿ ಪುಸ್ತಕಕ್ಕೆ ಏರಿಸಿ. ಹೊಣೆಗಾರರ ಹೆಸರು ಬರೆಯಬೇಡಿ, ಹುದ್ದೆ ಬರೆಯಿರಿ: ನೀರುಗಂಟಿ, ಬಿಲ್ ಕಲೆಕ್ಟರ್, ಕಾರ್ಯದರ್ಶಿ.

ವರ್ಷಕ್ಕೊಮ್ಮೆ ಪರಿಶೀಲನೆ ಎಂದು ಸಲಹೆಗಾರರು ಹಣ ಕೇಳುತ್ತಾರೆ. ನಮ್ಮಲ್ಲಿ ಜಮಾಬಂದಿ ಇದೆಯಲ್ಲ! ಜನರೆದುರೇ ಕಾಮಗಾರಿ, ಖರ್ಚುಗಳನ್ನು ನೋಡುವ ದಿನ. ಅಂದೇ ಶೆಡ್ಡಿನ ಬಾಗಿಲನ್ನೂ ತೆರೆದು ತೋರಿಸಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ನೀರು, ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿದ್ದರು. ನಿಮ್ಮಲ್ಲಿ ಅದು ಯಾವುದಕ್ಕೆ ಹೋಯಿತೆಂದು ಕೇಳಿದರೆ ಅರ್ಧ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.

ತೋಡಿನಾಚೆ

ಎಲ್ಲರಿಗೂ ಧನ್ಯವಾದ. ಪ್ರಮಾಣಪತ್ರದ ವಿಷಯವನ್ನು ಮುಂದಿನ ಸಭೆಯಲ್ಲಿ ಕೈಬಿಡಿಸಲು ನೋಡುತ್ತೇನೆ. ಹುದ್ದೆ ನಮೂದಿಸಿದ ಪಟ್ಟಿಯನ್ನು ವಿಷಯಸೂಚಿಗೆ ಸೇರಿಸಲು ಪಿಡಿಒ ಒಪ್ಪಿದ್ದಾರೆ. ಪಲ್ಪರ್ ಸಾಲು ಬಂದಾಗ ಗಲಾಟೆಯಾಗುವುದು ಖಂಡಿತ. ಅಕ್ಕಾ, ಶುಲ್ಕದ ಮಾತನ್ನು ಗ್ರಾಮಸಭೆಯಲ್ಲಿ ನೀವೇ ಎದ್ದು ಹೇಳಿದರೆ ಉಪಕಾರವಾಗುತ್ತದೆ, ನಾನು ಹೇಳಿದರೆ ಹೋಂಸ್ಟೇಯವರ ಮೇಲೆ ಹಗೆ ಎನ್ನುತ್ತಾರೆ.

ಬಾಟಲಿಗೆ ಮಾತ್ರ ಯಾರೂ ದಾರಿ ಹೇಳಲಿಲ್ಲ. ಗೊಬ್ಬರ ತಂದ ಲಾರಿಗಳು ಮೈಸೂರಿಗೆ ಖಾಲಿ ಹಿಂದಿರುಗುತ್ತವೆ. ಒಡೆದ ಗಾಜನ್ನು ಚೀಲಕ್ಕೆ ತುಂಬಿ ಅವುಗಳಲ್ಲಿ ಕಳುಹಿಸಿದರೆ ಅಲ್ಲಿ ಕೊಳ್ಳುವವರು ಇದ್ದಾರೆಯೇ? ತಿಳಿದವರು ತಿಳಿಸಿ.