ಮನ್ಯಾಗ ಮೀನ ಮಾಡೂದು ಹೆಂಗ? ನಿಮ್ಮ ಅನುಭವ ಹೇಳ್ರಿ

ಕೇಳಿದವರು, ಬಾಗಲಕೋಟೆ ನವನಗರ:
ನಮ್ಮ ಮನ್ಯಾಗ ಕೋಳಿ, ಮಟನ್ ಮಾಡ್ತೇವಿ. ಮೀನ ಅಂದ್ರ ಇಲ್ಲಿತನಾ ಖಾನಾವಳಿಯಾಗ ತಿಂದದ್ದಷ್ಟ. ಕಾರವಾರಕ್ಕ ಹೋಗಿ ಬಂದಾಗಿಂದ ಒಂಬತ್ತು ವರ್ಷದ ಮಗಳು ಬೆನ್ನ ಹತ್ಯಾಳ. ಎರಡು ಸಲ ರೋಹು ತಂದು ಮಾಡಿದೆ. ಒಂದ್ಸಲ ಕುಕ್ಕರಿನ್ಯಾಗ ಎರಡು ಸೀಟಿ ಹೊಡಿಸಿದೆ, ಸಾರಿನ್ಯಾಗ ಮುಳ್ಳಷ್ಟ ಉಳದ್ವು. ಇನ್ನೊಂದ್ಸಲ ಹುರದೆ, ಹಂಚಿಗೆ ಹತ್ತಿ ಪುಡಿ ಆತು, ಮ್ಯಾಲೆ ಕೆಸರಿನ ವಾಸನಿ ಬ್ಯಾರೆ. ಅತ್ತಿಯವರು ಮೀನ ತಿನ್ನಂಗಿಲ್ಲ, ಅವತ್ತ ಸಂಜಿತನಾ ಕಟ್ಟಿ ಮ್ಯಾಲೆ ಕುಂತಿದ್ರು. ಒಂದು ಸಾರು, ಒಂದು ಹುರದದ್ದು, ಇಷ್ಟ ಬಂದ್ರ ಸಾಕ್ರಿ. ಯಾವ ಮೀನ ತರ್ಬೇಕು, ಎಲ್ಲಿ ತಪ್ಪಾಕತ್ತೇನಿ?

ಆಲಮಟ್ಟಿ ಕಡೆಯ ಅಕ್ಕ:
ತಂಗಿ, ಮೊದಲ ಆ ಕುಕ್ಕರ್ ಎತ್ತಿ ಮ್ಯಾಲಿಡು. ಮಟನ್ ಕುದಿಸಿದಷ್ಟೂ ಮೆತ್ತಗಾಗ್ತೈತಿ, ಮೀನ ಕುದಿಸಿದಷ್ಟೂ ಒಡೀತೈತಿ. ನಮ್ಮದು ಅಂಬಿಗರ ಮನಿ, ಕೃಷ್ಣಾ ದಂಡಿಗೆ ಬೆಳದಾಕಿ ನಾನು. ಸಾರಿಗೆ ಮೀನ ಬಿಟ್ಟ ಮ್ಯಾಲೆ ನಮ್ಮವ್ವ ಸೌಟು ಕೈಯಾಗ ಹಿಡೀತಿದ್ದಿಲ್ಲ.

ವಾಸನಿ ತಗಿಯೂ ಕೆಲಸ ಒಲಿ ಹಚ್ಚೂ ಮೊದಲ ಮುಗೀಬೇಕು. ಅಂಗಡಿಯಂವ ಕೊಯ್ದು ಕೊಟ್ಟಾನಂತ ಹಂಗ ಬೋಗಾಣಿಗೆ ಹಾಕಬ್ಯಾಡ. ಹೊಟ್ಟಿ ಒಳಗ ಕರೀ ಪೊರಿ ಇರ್ತೈತಿ, ಬೆರಳಿಲೆ ಕಿತ್ತು ತಗಿ. ಬೆನ್ನೆಲುಬಿನ ಗುಂಟ ರಕ್ತ ಹೆಪ್ಪುಗಟ್ಟಿರ್ತೈತಿ, ಉಗುರಿಲೆ ಕೆರಿ. ತಲಿ ಹಾಕೂದಿದ್ರ ಕಿವಿರು ಪೂರಾ ಹೋಗಿರ್ಬೇಕು. ಆಮ್ಯಾಲೆ ಹಳ್ಳುಪ್ಪು, ಅರಿಷಿಣ, ಹುಣಸಿ ರಸ ಹಚ್ಚಿ ತಿಕ್ಕಿ, ಹತ್ತು ನಿಮಿಷ ಬಿಟ್ಟು, ಎರಡು ನೀರಿಲೆ ತೊಳಿ.

ಒಂದು ಕಿಲೋಕ್ಕ ನಮ್ಮ ಸಾರು ಹೇಳ್ತೇನಿ. ಎರಡು ಉಳ್ಳಾಗಡ್ಡಿ ಸಿಪ್ಪಿ ಸಮೇತ ಗ್ಯಾಸಿನ ಉರಿ ಮ್ಯಾಲೆ ಸುಡು. ಅರ್ಧ ಗಿಟಕ ಒಣಕೊಬ್ಬರಿ, ಒಂದು ಚಮಚ ಜೀರಿಗಿ, ಏಳೆಂಟು ಕಾಳು ಮೆಂತ್ಯ ಹುರಿ. ಮೆಂತ್ಯ ಎಣಿಸೇ ಹಾಕು, ಹೆಚ್ಚಾದ್ರ ಇಡೀ ಸಾರು ಕಹಿ. ಒಂದು ಗಡ್ಡಿ ಬಳ್ಳೊಳ್ಳಿ, ಹೆಬ್ಬೆಟ್ಟಿನಷ್ಟು ಅಲ್ಲ ಕೂಡಿಸಿ ನುಣ್ಣಗ ರುಬ್ಬು. ಅಗಲ ಬಾಯಿ ಬೋಗಾಣಿಯಾಗ ಶೇಂಗಾ ಎಣ್ಣಿ ಕಾಸಿ, ಮಸಾಲಿ ಎಣ್ಣಿ ಬಿಡೂತನಾ ಹುರಿ. ಮೂರು ಚಮಚ ಬ್ಯಾಡಗಿ ಖಾರ, ಲಿಂಬಿಹಣ್ಣಿನಷ್ಟು ಹುಣಸಿಹಣ್ಣಿನ ರಸ, ಉಪ್ಪು, ನೀರು. ಇದು ಮೀನ ಇಲ್ಲದ ಹತ್ತು ನಿಮಿಷ ಕುದೀಬೇಕು. ಬರೇ ಅದರಾಗ ರೊಟ್ಟಿ ಅದ್ದಿ ತಿಂದ್ರೂ ಊಟ ಆಗ್ಬೇಕು, ಹಂಗಿದ್ದಾಗ ತುಂಡು ಒಂದೊಂದ ಬಿಡು. ಸಣ್ಣ ಉರಿ, ಎಂಟರಿಂದ ಹತ್ತು ನಿಮಿಷ. ತಿರುವಬೇಕನಿಸಿದ್ರ ಅರಿವಿಲೆ ಬೋಗಾಣಿ ಎರಡೂ ಕಡೆ ಹಿಡಿದು ಒಮ್ಮೆ ಅಲ್ಲಾಡಿಸು. ಇಳಿಸಿ ಅರ್ಧ ತಾಸು ಮುಟ್ಟಬ್ಯಾಡ.

ವಿಜಯಪುರದಿಂದ ಒಬ್ಬರು:
ನಾನು ಪ್ರಾಣಿಶಾಸ್ತ್ರ ಪಾಠ ಮಾಡೋನು, ಅಡಗಿಯೊಳಗ ಅಷ್ಟಕ್ಕಷ್ಟ. ಕೆಸರಿನ ವಾಸನಿಗೆ ಮುಖ್ಯ ಕಾರಣ ಜಿಯೋಸ್ಮಿನ್ ಅನ್ನೋ ವಸ್ತು. ನೀರಿನ್ಯಾಗಿನ ನೀಲಿ-ಹಸಿರು ಪಾಚಿ, ಮಣ್ಣಿನ ಕೆಲವು ಬ್ಯಾಕ್ಟೀರಿಯಾ ಅದನ್ನ ತಯಾರಿಸ್ತಾವ, ಮೀನಿನ ಕೊಬ್ಬಿನ್ಯಾಗ ಹೋಗಿ ಕೂಡತೈತಿ. ಮೊದಲ ಮಳಿ ಬಿದ್ದಾಗ ಎರಿ ಹೊಲದಿಂದ ಬರೋ ಘಮದಾಗೂ ಅದ ಐತಿ ನೋಡ್ರಿ. ಹೊಲದಾಗ ಬಂದ್ರ ನಿಂತು ಮೂಸ್ತೇವಿ, ಸಾರಿನ್ಯಾಗ ಬಂದ್ರ ಮಾರಿ ಕಿವಚ್ತೇವಿ. ಹುಳಿ ತಾಕಿದ್ರ ಅದು ಒಡೀತೈತಿ, ಹಂಗಾಗಿ ಅಕ್ಕಾರ ಹುಣಸಿ ಲೆಕ್ಕ ಬರೋಬರಿ ಐತಿ. ಸಮುದ್ರದ ಮೀನಿನ ನಾತದ ಕಾರಣ ಬ್ಯಾರೆ, ಆದ್ರ ಅದೂ ಹುಳಿಗೇ ಬಗ್ಗತೈತಿ. ನಮ್ಮ ಮನ್ಯಾಗ ಎರಡಕ್ಕೂ ಇಂಡಿ ಲಿಂಬಿಹಣ್ಣು.

ಬೆಳಗಾವಿ, ಕ್ಯಾಂಪ್ ಕಡೆಯವರು:
ಅಕ್ಕಾರ, ಸಣ್ಣ ಹುಡುಗಿಗೆ ರೋಹು ಯಾಕ್ರಿ? ಅದರ ಬೆನ್ನಿನ ಮಾಂಸದಾಗ ಕವಲೊಡೆದ ಸಣ್ಣ ಮುಳ್ಳು ತುಂಬಿರ್ತಾವ, ದೊಡ್ಡವರಿಗೇ ತ್ರಾಸು. ಇಲ್ಲಿಂದ ಯಾರರೆ ಬರೋರಿದ್ರ ಬಾಂಗಡಾ ತರಿಸ್ರಿ, ರೊಕ್ಕ ಇದ್ರ ಸುರಮಯಿ. ನಡು ಎಲುಬು ತಗದ್ರ ಸುರಮಯಿ ತುಂಡಿನ್ಯಾಗ ಹುಡುಕೂವಂಥದ್ದು ಏನೂ ಉಳಿಯಂಗಿಲ್ಲ. ಗೋವಾ, ಕಾರವಾರದಿಂದ ಘಟ್ಟ ಹತ್ತಿ ಬರೋ ಮಾಲು ಇದು. ಜೂನ್ 1ರಿಂದ ಜುಲೈ 31ರ ತನಾ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರ್ತೈತಿ, ಆ 61 ದಿನ ನಿಮ್ಮ ಆಲಮಟ್ಟಿ ಡ್ಯಾಮಿನ ಹಿನ್ನೀರಿನ ಮೀನ ಛಲೋ.

ತರೂವಾಗ ಬರ್ಫು ಮರೀಬ್ಯಾಡ್ರಿ. ನಾನೊಮ್ಮೆ ಬ್ಯಾಸಗಿಯೊಳಗ ಬಾಂಗಡಾ ಬರೇ ಪ್ಲಾಸ್ಟಿಕ್ ಚೀಲದಾಗ ಹಾಕ್ಕೊಂಡು ಗೋಕಾಕದ ಬೀಗರ ಮನಿಗೆ ಒಯ್ದಿದ್ದೆ. ಉಂಡು ಅರ್ಧ ತಾಸಿಗೆ ನನ್ನ ಮಾರಿ ಕೆಂಪಗಾಗಿ ಮೈಯೆಲ್ಲಾ ತುರಿಕಿ. ಬೆಚ್ಚಗಿದ್ದ ಬಾಂಗಡಾದಾಗ ಹಿಸ್ಟಮಿನ್ ಹುಟ್ಟತೈತಿ, ಎಷ್ಟ ಹುರದ್ರೂ, ಕುದಿಸಿದ್ರೂ ಅದು ಹೋಗಂಗಿಲ್ಲ ಅಂತ ಡಾಕ್ಟರ್ ಹೇಳಿದ ಮ್ಯಾಲೆ ತಿಳೀತು. ಈಗ ಥರ್ಮಾಕೋಲ್ ಪೆಟ್ಟಿಗಿ ಇಲ್ಲದ ನಾ ಹೊರಡಂಗಿಲ್ಲ. ಕಣ್ಣು ಉಬ್ಬಿ ಹೊಳೀಬೇಕು, ಕಿವಿರು ಕೆಂಪಗಿರ್ಬೇಕು, ಒತ್ತಿದ ಬೆರಳಿನ ಕುಳಿ ಹಂಗ ಉಳದ್ರ ಬಿಟ್ಟು ಬರ್ರಿ.

ಹಂಚಿಗೆ ಹತ್ತೂದು ಎರಡ ಕಾರಣಕ್ಕ: ಮೀನ ಹಸಿ ಇರ್ತೈತಿ, ಇಲ್ಲಾ ಹಂಚು ತಣ್ಣಗಿರ್ತೈತಿ. ತೊಳದ ಮ್ಯಾಲೆ ಅರಿವಿಲೆ ಒತ್ತಿ ಒರಸ್ರಿ. ಎರಡೂ ಕಡೆ ಮೂರು ಗೀರು ಹಾಕಿ ಖಾರ, ಅರಿಷಿಣ, ಅಲ್ಲ-ಬಳ್ಳೊಳ್ಳಿ, ಆಮಸೂಲದ (ಒಣ ಕೋಕಂ) ದಪ್ಪ ರಸ ಹಚ್ಚಿ ಇಪ್ಪತ್ತು ನಿಮಿಷ ಇಡ್ರಿ. ಉಪ್ಪು ಭಾಳ ಮೊದಲ ಹಚ್ಚಿಟ್ರ ಮೀನ ನೀರ ಬಿಡ್ತೈತಿ. ಸಣ್ಣ ರವಾದಾಗ ಹೊರಳಿಸಿ, ಎಣ್ಣಿ ಚಲೋ ಕಾದ ಮ್ಯಾಲೆ ಇಡ್ರಿ, ನಾಕೈದು ನಿಮಿಷ ಕೈ ಕಟ್ಕೊಂಡು ನಿಂದರ್ರಿ. ಬೆಂದ ಮೀನ ತಾನ ಹಂಚು ಬಿಡ್ತೈತಿ. ಬಿಡವಲ್ದು ಅಂದ್ರ ಇನ್ನೂ ಆಗಿಲ್ಲ ಅಂತ.

ಜಮಖಂಡಿಯಿಂದ:
ರವಾ ಎಣ್ಣಿ ಕುಡೀತೈತ್ರಿ. ನಾವು ಅಕ್ಕಿ ಹಿಟ್ಟಿಗೆ ಒಂದು ಹಿಡಿ ಜ್ವಾಳದ ಹಿಟ್ಟು ಕೂಡಸ್ತೇವಿ. ಗರಿಗರಿ ಆಗ್ತೈತಿ, ಖರ್ಚೂ ಇಲ್ಲ.

ವಿಜಯಪುರದಾಗ ಬಾಡಗಿಗೆ ಇರೋ ಒಬ್ಬ ಹುಡುಗ:
ನೀವೆಲ್ಲಾ ಪುಣ್ಯಾವಂತರು. ನಮ್ಮ ಮನಿ ಮಾಲಕರು ತತ್ತಿ ಸಿಪ್ಪಿ ಕಂಡ್ರ ಪಂಚಾಯ್ತಿ ಕೂಡಸ್ತಾರ. ಒಣ ಸಿಗಡಿ ಹುರದು ಖಾರ, ಬಳ್ಳೊಳ್ಳಿ ಹಾಕಿ ಕುಟ್ಟಿದ ಚಟ್ನಿ ಊರಿಂದ ಅವ್ವ ಕಳಸ್ತಾಳ. ಡಬ್ಬಿ ಮ್ಯಾಲೆ 'ಗುರೆಳ್ಳು' ಅಂತ ಬರದೇನಿ.

ಆಲಮಟ್ಟಿ ಕಡೆಯ ಅಕ್ಕ ಮತ್ತ:
ಬೆಳಗಾವಿ ಅಣ್ಣಾರ, ದಿನಾ ಯಾರು ಅಲ್ಲಿತನಾ ಹೋಗ್ತಾರ? ಹಳೇ ಬಾಗಲಕೋಟಿ ಅರ್ಧ ಮುಳುಗಿ ಹಿನ್ನೀರು ಊರ ಬಾಗಿಲಿಗೆ ಬಂದು ನಿಂತೈತಿ, ಮೀನ ಅಲ್ಲೇ ಸಿಗ್ತೈತಿ. ತಂಗಿ, ಎರಡು ಕಿಲೋಕ್ಕಿಂತ ದೊಡ್ಡ ರೋಹು ಇಲ್ಲಾ ಕಟ್ಲಾ ನೋಡಿ ಹೊಟ್ಟಿ ಕಡೆ ತುಂಡು ಕೇಳು. ಅಲ್ಲಿ ಪಕ್ಕೆಲುಬಷ್ಟ ಇರ್ತಾವ, ದೊಡ್ಡವು, ಕಣ್ಣಿಗೆ ಕಾಣತಾವ. ಬಾಲದ ಕಡಿಂದು ನೀವ ದೊಡ್ಡವರು ತಿನ್ರಿ. ಇನ್ನ ಕೂಸಿಗೆ ಜ್ವಾಳದ ರೊಟ್ಟಿ ಮುರದು ಸಾರಿನ್ಯಾಗ ಕಲಿಸಿ ಕೊಡಬ್ಯಾಡ, ರೊಟ್ಟಿ ಚೂರಿನ್ಯಾಗ ಮುಳ್ಳು ಗೊತ್ತಾಗಂಗಿಲ್ಲ. ಅನ್ನದ ಜೋಡಿ, ನೀ ಬಿಡಿಸಿ ನೋಡಿ ಕೊಡು.

ಕೇಳಿದವರು, ಎಂಟು ದಿನದ ಮ್ಯಾಲೆ:
ಎಲ್ಲಾರಿಗೂ ಶರಣ್ರಿ. ರವಿವಾರ ಕಟ್ಲಾ ಸಿಕ್ತು, ಹೊಟ್ಟಿ ತುಂಡು ಕೇಳಿದ್ದಕ್ಕ ಅಂಗಡಿಯಂವ 'ಬಾಯಾರು ತಿಳದವರು' ಅಂದ. ಕರೀ ಪೊರಿ ಕಿತ್ತಿ ತಗಿಯಾಕ ಅರ್ಧ ತಾಸು ಹಿಡೀತು, ಕೆಸರಿನ ವಾಸನಿ ಇದ್ದಿಲ್ಲ. ಸಾರಿನ್ಯಾಗ ತುಂಡು ಇಡೀ ಉಳದ್ವು, ಮೆಂತ್ಯ ಎಣಿಸೇ ಹಾಕಿದೆ. ಹುರಿಯೂವಾಗ ಮೂರನೇ ನಿಮಿಷಕ್ಕ ತಡ್ಕೊಳಾಕ ಆಗದ ಒಂದು ತುಂಡು ಎಬ್ಬಿಸಿದೆ, ಅದೊಂದು ಮುರೀತು, ಉಳದ ನಾಕು ಚಲೋ ಬಂದ್ವು. ಹಿಟ್ಟು ಜಮಖಂಡಿಯವರದು. ಮಗಳು ಮೂರು ತಿಂದ್ಳು. ಅತ್ತಿಯವರು ಈ ಸಲ ಕಟ್ಟಿಗೆ ಹೋಗ್ಲಿಲ್ಲ, ಪಡಸಾಲಿಯಾಗ ಕುಂತು ಧಾರಾವಾಹಿ ನೋಡಿದ್ರು. ಆದ್ರ ಆ ಬೋಗಾಣಿ ಮಾತ್ರ ಇನ್ನ ಮ್ಯಾಲೆ ಹಿತ್ತಲದಾಗ ಇರ್ಬೇಕಂತ.