‘ಸಂಗೀತಗಳು’ ಅನ್ನಬಹುದೇ?

ಗೆಳೆಯರೇ, ‘ಸಂಗೀತ’ಕ್ಕೆ ‘ಗಳು’ ಸೇರಿಸಬಹುದೇ? ಒಂದು ಬರಹವನ್ನು ಕನ್ನಡಕ್ಕೆ ತರುವಾಗ ಇಲ್ಲಿ ಸಿಕ್ಕಿಕೊಂಡಿದ್ದೇನೆ.

ಸಂಗೀತ, ನೃತ್ಯಗಳನ್ನು ಅಧ್ಯಯನ ಮಾಡುವವರು ತಮ್ಮ ತಮ್ಮ ಪ್ರದೇಶದಲ್ಲಿ ಕಟ್ಟಿಕೊಂಡ ಗುಂಪುಗಳ ಬಗ್ಗೆ ಆ ಬರಹ. ಇವುಗಳ ತಾಯಿಸಂಸ್ಥೆಯಾದ ಅಂತರರಾಷ್ಟ್ರೀಯ ಮಂಡಳಿ 1947ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಆಗ ಅದರ ಹೆಸರಿನಲ್ಲಿ ಇದ್ದದ್ದು ‘ಜನಪದ ಸಂಗೀತ’. 1981ರಲ್ಲಿ ಅದು ‘ಸಾಂಪ್ರದಾಯಿಕ ಸಂಗೀತ’ ಆಯಿತು. 2023ರಲ್ಲಿ ‘ಸಂಗೀತ ಮತ್ತು ನೃತ್ಯ ಪರಂಪರೆಗಳು’ ಆಯಿತು. ನೃತ್ಯಕ್ಕೆ ಹೆಸರಿನಲ್ಲಿ ಜಾಗ ಸಿಗಲು ಇಷ್ಟು ವರ್ಷ ಬೇಕಾಯಿತು ನೋಡಿ! (13ನೇ ಶತಮಾನದ ಸಂಗೀತ ಶಾಸ್ತ್ರಕಾರ ಶಾರ್ಙ್ಗದೇವ ಹಾಡು, ವಾದ್ಯ, ಕುಣಿತ ಮೂರೂ ಸೇರಿದರೇ ಸಂಗೀತ ಅಂದಿದ್ದ. ಈಗ ಆ ಅರ್ಥ ಯಾರಿಗೂ ಹೊಳೆಯುವುದಿಲ್ಲ, ಬಿಡಿ.) ಇಲ್ಲಿ ‘ಗಳು’ ಪರಂಪರೆಗೆ ಅಂಟಿದೆ, ತೊಂದರೆಯಿಲ್ಲ. ಆದರೆ ಪೂರ್ವ ಏಷ್ಯಾದ ಗುಂಪು ತನ್ನ ಹೆಸರಿನಲ್ಲಿ ಸಂಗೀತಕ್ಕೇ ಬಹುವಚನ ಹಚ್ಚಿದೆ: ಇಂಗ್ಲಿಷಿನಲ್ಲಿ ‘ಮ್ಯೂಸಿಕ್ಸ್’.

ಅದು ಸುಮ್ನೆ ಹಚ್ಚಿದ್ದಲ್ಲ. ಚೀನಾದಲ್ಲಿ ‘ಯಾಯುಯೆ’ ಅನ್ನುವ ಆಸ್ಥಾನ ಸಂಗೀತವಿತ್ತು. ಅದನ್ನು ಬರೆಯುವ ಎರಡು ಅಕ್ಷರಗಳನ್ನೇ ಕೊರಿಯಾದಲ್ಲಿ ‘ಆಕ್’, ಜಪಾನಿನಲ್ಲಿ ‘ಗಗಾಕು’, ವಿಯೆಟ್ನಾಮಿನಲ್ಲಿ ‘ನ್ಯಾ ನ್ಯಾಕ್’ ಅಂತ ಓದುತ್ತಾರೆ. ಬರವಣಿಗೆ ಒಂದೇ, ಕೇಳಿದರೆ ಒಂದಕ್ಕೊಂದು ಸಂಬಂಧವೇ ಇಲ್ಲವೇನೋ ಅನ್ನಿಸುತ್ತದೆ. ಕೊರಿಯಾಕ್ಕೆ 1116ರಲ್ಲಿ ಚೀನಾದ ಸಾಂಗ್ ವಂಶದ ದೊರೆ ವಾದ್ಯಗಳನ್ನೇ ಕಳಿಸಿಕೊಟ್ಟಿದ್ದ. ಅಲ್ಲಿ ಅದು ಪೂಜೆಯ ಸಂಗೀತವಾಗಿ ಉಳಿಯಿತು. ಜಪಾನಿಗೆ ಹೋದದ್ದರಲ್ಲಿ ಚೀನಾದ ತಾಂಗ್ ವಂಶದ ಕಾಲದ ಔತಣಕೂಟದ ಸಂಗೀತವೇ ಜಾಸ್ತಿ. ಒಂದೇ ದೇಶದಲ್ಲಿ ಕೂತು ಇದನ್ನು ಬಿಡಿಸಲಾಗದು. ಅದಕ್ಕೇ ಗಡಿ ದಾಟಿದ ಗುಂಪು ಬೇಕು, ಹೆಸರಿನಲ್ಲಿ ಬಹುವಚನವೂ ಬೇಕು.

ಕನ್ನಡದಲ್ಲಿ ಏನು ಮಾಡೋಣ? ‘ಸಂಗೀತ ಪದ್ಧತಿಗಳು’ ಅಂದರೆ ಶಾಸ್ತ್ರ ಬರೆದಿಟ್ಟವು ಮಾತ್ರ ಅನ್ನಿಸುತ್ತದೆ. ನಾಟಿ ಮಾಡುತ್ತಾ ಹೇಳುವ ಹಾಡು ಹೊರಗೆ ಉಳಿಯುತ್ತದೆ. ‘ಪ್ರಕಾರಗಳು’ ಅಂದರೆ ಕರ್ನಾಟಕ ಸಂಗೀತದ ಕೃತಿ, ವರ್ಣಗಳಂತೆ ಒಂದರೊಳಗಿನ ಬಗೆಗಳು. ‘ಬಗೆಬಗೆಯ ಸಂಗೀತ’ ಕಾರ್ಯಕ್ರಮದ ಕರಪತ್ರದ ಮಾತಾಯಿತು. ‘ಸಂಪ್ರದಾಯಗಳು’ ನನಗೆ ಬೇಡವೇ ಬೇಡ: ‘ಸಂಪ್ರದಾಯದ ಹಾಡು’ ಅಂದ ಕೂಡಲೇ ಮದುವೆ ಮನೆಯ ಹಾಡೇ ನೆನಪಾಗುತ್ತದೆ, ಅಲ್ವಾ?

‘ಸಂಗೀತಗಳು’ ಕಿವಿಗೆ ಒರಟು, ಒಪ್ಪುತ್ತೇನೆ. ನಾವು ‘ಎರಡು ಸಂಗೀತ’ ಅನ್ನುವುದಿಲ್ಲ, ‘ಎರಡು ಬಗೆಯ ಸಂಗೀತ’ ಅನ್ನುತ್ತೇವೆ. ಅಂದರೆ ‘ನೀರು’, ‘ಹಾಲು’ಗಳ ಹಾಗೆ ಎಣಿಕೆಗೆ ಸಿಗದ ಪದ. ಆದರೂ ‘ಪೂರ್ವ ಏಷ್ಯಾದ ಸಂಗೀತಗಳು’ ಅಂತಲೇ ಇಡುವ ಮನಸ್ಸು ನನ್ನದು. ಸಂಗೀತ ಒಂದಲ್ಲ, ಹಲವು ಅನ್ನುವುದೇ ಆ ಗುಂಪಿನ ವಾದ. ಅದನ್ನು ನುಣ್ಣಗೆ ಮಾಡಿದರೆ ವಾದವೇ ಮಾಯವಾಗುತ್ತದೆ.

ನೀವು ಈ ರೂಪವನ್ನು ಅಚ್ಚಿನಲ್ಲಿ ಎಲ್ಲಾದರೂ ನೋಡಿದ್ದರೆ ವಾಕ್ಯದ ಸಮೇತ ತಿಳಿಸಿ. ಇದಕ್ಕಿಂತ ಹಗುರವಾದ, ಆದರೆ ಬಹುವಚನ ಬಿಟ್ಟುಕೊಡದ ಪದವಿದ್ದರೆ ಇನ್ನೂ ಒಳ್ಳೆಯದು.