ಸೀರೀಸ್ 4 ವಾಚ್: ಬ್ಯಾಟರಿ ಹಾಕಿಸೋದಾ, ಹೊಸದೇ ತಗೊಳ್ಳೋದಾ?

ಸೋಮವಾರಪೇಟೆ_ತೋಟ
ಆಪಲ್ ವಾಚ್ ಸೀರೀಸ್ 4, 44 ಮಿ.ಮೀ. ಬ್ಯಾಟರಿ ಹೆಲ್ತ್ (ಹೊಸದಕ್ಕೆ ಹೋಲಿಸಿದ್ರೆ ಉಳಿದಿರೋ ಸಾಮರ್ಥ್ಯ) 76%. ಬೆಳಿಗ್ಗೆ ಆರಕ್ಕೆ ಕಟ್ಟಿದ್ರೆ ಮಧ್ಯಾಹ್ನ ಮೂರು ಗಂಟೆಗೆಲ್ಲ ಚಾರ್ಜ್ ಕೆಂಪು. ಬಳಕೆ ತೋಟದಲ್ಲಿ, ಆಗಾಗ ತಡಿಯಂಡಮೋಳ್ ಬೆಟ್ಟ ಹತ್ತೋಕೆ. ಮಳೆ ಶುರುವಾಗೋ ಮುಂಚೆ ತೀರ್ಮಾನ ಆಗ್ಬೇಕು.

ಬೆಟ್ಟದ_ದಾರಿ
ಹೊಸದಿದ್ದಾಗಲೇ ಜಿಪಿಎಸ್ ಹಾಕಿ ನಡೆದ್ರೆ 6 ಗಂಟೆ ಅಂತ ಕಂಪನಿ ಹೇಳಿದ್ದು. 76% ಅಂದ್ರೆ ನಾಲ್ಕೂವರೆ. ನಾಲ್ಕುನಾಡು ಅರಮನೆಯಿಂದ ಹತ್ತಿ ಇಳಿಯೋಕೆ ಅಂಚಿನ ಲೆಕ್ಕ. ಐಫೋನ್ ಜೇಬಲ್ಲಿರಲಿ, ಈ ಮಾಡೆಲ್ ಫೋನಿನ ಜಿಪಿಎಸ್ಸನ್ನೇ ಬಳಸಿ ಬ್ಯಾಟರಿ ಉಳಿಸುತ್ತೆ. ಲೋ ಪವರ್ ಮೋಡ್ ಹಾಕಿದ್ರೆ ಹಿನ್ನೆಲೆಯ ಹೃದಯಬಡಿತದ ಅಳತೆ ನಿಲ್ಲುತ್ತೆ, ನೆನಪಿರಲಿ.

ಸ್ಕ್ರೂಡ್ರೈವರ್
ಊರಿನ ಅಂಗಡಿಯಲ್ಲಿ ಬಿಚ್ಚಿಸೋದಾದ್ರೆ ಒಂದು ವಿಷಯ. ಸೀರೀಸ್ 5ರವರೆಗೆ ಪರದೆಯ ಕೆಳಗೆ, ಒತ್ತಿದ ಬಲ ಗುರುತಿಸೋ ಫೋರ್ಸ್ ಟಚ್ ಪಟ್ಟಿ ಅಂಟಿರುತ್ತೆ. ಬಿಸಿ ಮಾಡಿ ಬ್ಲೇಡ್ ತೂರಿಸಿದಾಗ ಹರಿಯೋದು ಅದೇ. ಅಂಟು ಸರಿಯಾಗಿ ಕೂರದಿದ್ರೆ 50 ಮೀಟರ್ ಜಲನಿರೋಧಕ ಅನ್ನೋದು ಹೆಸರಿಗಷ್ಟೇ. ಆಮೇಲೆ ಜುಲೈ ಮಳೆಗೆ ಕೈ ಒಡ್ಡಿದ್ರೆ ಮುಗೀತು.

ಸಾಫ್ಟ್‌ವೇರ್ ವಾಚ್‌ಓಎಸ್ 10ಕ್ಕೇ ನಿಂತಿದೆ, 2024ರ 11ನೇ ಆವೃತ್ತಿಗೆ ಸೀರೀಸ್ 6 ಅಥವಾ ಎರಡನೇ ತಲೆಮಾರಿನ ಅಗ್ಗದ ಮಾಡೆಲ್ ಎಸ್‌ಇ ಬೇಕು. ಸೆಕೆಂಡ್ ಹ್ಯಾಂಡ್ ತಗೊಂಡ್ರೂ ಅದಕ್ಕಿಂತ ಕೆಳಗೆ ಬೇಡ. ಎಸ್‌ಇಯಲ್ಲಿ ಇಸಿಜಿ ಇಲ್ಲ, ನಿಮ್ಮ ಹಳೇದರಲ್ಲಿದೆ. ಅದು ಬೇಕಾದವರಿಗೆ ಎಸ್‌ಇ ಒಂದು ಹೆಜ್ಜೆ ಹಿಂದಕ್ಕೆ.

ಸೋಮವಾರಪೇಟೆ_ತೋಟ
ಇಸಿಜಿ ಬೇಕು. ಇನ್ನೊಂದು: ಪರದೆಯ ಒಂದು ಅಂಚು ಸ್ವಲ್ಪ ಎದ್ದಂತಿದೆ, ಉಗುರು ಸಿಕ್ಕುತ್ತೆ.

ಸ್ಕ್ರೂಡ್ರೈವರ್
ಅಯ್ಯೋ, ಇದನ್ನ ಮೊದಲೇ ಹೇಳ್ಬಾರದಾ! ಬ್ಯಾಟರಿ ಊದಿಕೊಂಡಿರೋ ಲಕ್ಷಣ ಅದು. ಮೇಲಿನ ಲೆಕ್ಕವೆಲ್ಲ ಬಿಡಿ. ಇವತ್ತಿಂದ ಚಾರ್ಜಿಗೆ ಇಡಬೇಡಿ, ಪರದೆ ಒತ್ತಿ ಕೂರಿಸೋಕೂ ಹೋಗ್ಬೇಡಿ, ಒಲೆಯ ಹತ್ತಿರ ಬೇಡ.

ಚಾರ್ಜ್ ಉಳಿದಿರೋವಾಗಲೇ ಫೋನಿನ ವಾಚ್ ಆ್ಯಪ್ ತೆರೆದು, ಆಲ್ ವಾಚಸ್, ಪಕ್ಕದ ಐ ಗುರುತು, ಅನ್‌ಪೇರ್. ಬ್ಯಾಕಪ್ ತಾನಾಗಿ ಫೋನಿಗೆ ಬರುತ್ತೆ, ಬೇರೆಯವರು ಬಳಸದಂತೆ ತಡೆಯೋ ಆ್ಯಕ್ಟಿವೇಷನ್ ಲಾಕೂ ತೆಗೆದುಹೋಗುತ್ತೆ. ಆಮೇಲೆ ಅಧಿಕೃತ ಸರ್ವಿಸ್‌ನವರಿಗೆ ತೋರಿಸಿ ಬೆಲೆ ಕೇಳಿ. ದುಬಾರಿ ಅಂದ್ರೆ ಸೀರೀಸ್ 6 ಅಥವಾ ಮೇಲಿನದು ತಗೊಳ್ಳಿ, ಇಸಿಜಿ ಉಳಿಯುತ್ತೆ. ಹಳೇದನ್ನ ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ತಗೊಳ್ಳೋವ್ರಿಗೇ ಕೊಡಿ.